ಮೈಸೂರಿನ ಸುತ್ತಣ ಕಾಲುದಾರಿಗಳು

ಹಳಗನ್ನಡದ ಪಾಠ ನಡೆಯುವಾಗ ‘ಬಟ್ಟೆ’ ಎಂಬ ಮಾತು ಬಂದರೆ ತರಗತಿಯಲ್ಲಿ ಒಂದು ಸಣ್ಣ ನಗೆ ಏಳುವುದುಂಟು. ಇದು ಉಡುವ ಬಟ್ಟೆಯಲ್ಲ, ನಡೆಯುವ ದಾರಿ ಎಂದು ನಾನು ಅರ್ಥ ಹೇಳುತ್ತೇನೆ. ದೊಡ್ಡ ದಾರಿಗೆ ಹೆಬ್ಬಟ್ಟೆ ಎಂದು ಹೆಸರು. ಊರಿನ ಎಲ್ಲೆಯನ್ನು ಗೊತ್ತುಮಾಡುವ ನಮ್ಮ ಶಾಸನಗಳಲ್ಲಿ ಹಳ್ಳ, ಹುಣಿಸೆಮರ, ನೆಟ್ಟ ಕಲ್ಲುಗಳ ಜೊತೆಗೆ ಈ ಹೆಬ್ಬಟ್ಟೆಯೂ ಬರುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಮಾತು ಮರೆತರೆ ನಿಘಂಟಿನಲ್ಲಿ ಹುಡುಕಿಕೊಳ್ಳಬಹುದು. ಆದರೆ ನಡೆಯುವವರಿಲ್ಲದೆ ದಾರಿಯೇ ಮುಚ್ಚಿಹೋದರೆ ಅದನ್ನು ಯಾವ ನಿಘಂಟಿನಲ್ಲಿ ಹುಡುಕುವುದು?

ಈಗ ವಿನೋದಕ್ಕಾಗಿ ಬೆಟ್ಟಗುಡ್ಡ ಹತ್ತುವುದಕ್ಕೆ ಚಾರಣವೆಂಬ ಹೆಸರು ಬಂದಿದೆ. ಹೆಸರೇನೋ ಚೆನ್ನಾಗಿದೆ; ‘ಚರ್’ ಎಂದರೆ ನಡೆ, ಚರಣವೆಂದರೆ ಪಾದ. ಆದರೆ ಚಾರಣವೆಂದೊಡನೆ ಅನೇಕರಿಗೆ ದೂರದ ಮಲೆನಾಡೋ ಹಿಮಾಲಯವೋ ನೆನಪಿಗೆ ಬರುತ್ತದೆಯೇ ಹೊರತು ಮನೆಯ ಮುಂದಣ ಬೆಟ್ಟ ನೆನಪಿಗೆ ಬರುವುದಿಲ್ಲ. ಮೈಸೂರಿನಲ್ಲಿಯೂ ಅದರ ಸುತ್ತಮುತ್ತಲೂ ಸಾಮಾನ್ಯ ಆರೋಗ್ಯವುಳ್ಳ ಯಾರೇ ಆದರೂ ಒಂದು ಬೆಳಗಿನಲ್ಲಿ ನಡೆದು ಬರಬಹುದಾದ ಹಾದಿಗಳು ಹಲವಿವೆ. ಅವುಗಳಲ್ಲಿ ಐದನ್ನು, ಸುಲಭವಾದುದರಿಂದ ತೊಡಗಿ ತುಸು ಕಷ್ಟದ್ದರವರೆಗೆ, ಓದುಗರ ಮುಂದೆ ಇಡುತ್ತೇನೆ. ಒಂದೊಂದು ಹಾದಿಯೂ ಒಂದೊಂದು ಕಾರಣಕ್ಕಾಗಿ ಹುಟ್ಟಿದ್ದು. ನಡೆಯುವಾಗ ಆ ಕಾರಣವನ್ನು ಬಲ್ಲವನಿಗೆ ದಣಿವು ಕಡಿಮೆ ಎಂಬುದು ನನ್ನ ಅನುಭವ.

ಮೊದಲನೆಯದು ಊರೊಳಗಿನ ಕುಕ್ಕರಹಳ್ಳಿ ಕೆರೆ. ಇಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಕೆರೆಯ ಏರಿಯನ್ನು ಹಿಡಿದು ಮರಗಳ ನೆರಳಿನಲ್ಲಿ ಸುತ್ತಿ ಬಂದರೆ ಸುಮಾರು ನಾಲ್ಕೈದು ಕಿಲೋಮೀಟರು. ನಿಧಾನವಾಗಿ ನಡೆದರೂ ಒಂದೂಕಾಲು ಗಂಟೆ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಈ ಕೆರೆಯನ್ನು ಕಟ್ಟಿಸಿದರು. ಆ ಇಸವಿಯನ್ನು ಸ್ವಲ್ಪ ಗಮನಿಸಬೇಕು. 1831ರಲ್ಲಿಯೇ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು. ಅಧಿಕಾರ ಹೋಗಿ 33 ವರ್ಷಗಳಾದ ಮೇಲೆ, ಹೆಸರಿಗೆ ಮಾತ್ರ ಅರಸರಾಗಿದ್ದಾಗ, ಊರ ಹೊರಗಣ ಹೊಲಗದ್ದೆಗಳಿಗೆ ನೀರು ಬೇಕೆಂದು ಮಾಡಿಸಿದ ಕೆರೆ ಇದು. ಮುಂದೆ ಊರು ಬೆಳೆದು ಕೆರೆಯನ್ನು ಬಳಸಿ ನಿಂತಿತು. ಈಗ ಅದು ವಿಶ್ವವಿದ್ಯಾನಿಲಯದ ಆಡಳಿತದಲ್ಲಿದೆ. ಪಕ್ಕದಲ್ಲಿಯೇ ಮಾನಸಗಂಗೋತ್ರಿ, ಆ ಹೆಸರನ್ನು ಇಟ್ಟವರು ಕುವೆಂಪು. ಕುವೆಂಪು ಅವರೂ ಆರ್. ಕೆ. ನಾರಾಯಣ್ ಅವರೂ ಈ ಏರಿಯ ಮೇಲೆ ನಡೆದಾಡಿದವರು. ಹೆಜ್ಜಾರ್ಲೆಗಳು ದೋಣಿಯಂತೆ ತೇಲುವುದನ್ನೂ ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯಿಸುವುದನ್ನೂ ನೋಡಬೇಕಾದರೆ ಬೆಳಗ್ಗೆ ಆರೂವರೆಯ ಹೊತ್ತಿಗೆ ಅಲ್ಲಿರಬೇಕು.

ಎರಡನೆಯದು ಊರಿನ ನೈಋತ್ಯದ ಅಂಚಿನಲ್ಲಿರುವ ಲಿಂಗಾಂಬುಧಿ ಕೆರೆ. ಇದೂ ಸಮತಟ್ಟಾದ ಹಾದಿ. ಮುದುಕರಿಗೂ ಮಕ್ಕಳಿಗೂ ಒಗ್ಗುವಂಥದು. ಮುಮ್ಮಡಿಯವರೇ 1828ರಲ್ಲಿ, ಇನ್ನೂ ರಾಜ್ಯವಾಳುತ್ತಿದ್ದ ಕಾಲದಲ್ಲಿ, ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಇದನ್ನು ಕಟ್ಟಿಸಿದರು. ಲಿಂಗ ಎಂಬುದಕ್ಕೆ ಅಂಬುಧಿ ಸೇರಿ ಲಿಂಗಾಂಬುಧಿ; ಸವರ್ಣದೀರ್ಘ ಸಂಧಿಗೆ ನಾನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಅಂಬುಧಿಯೆಂದರೆ ಕಡಲು. ಕೆರೆಯನ್ನು ಕಡಲೆಂದು ಕರೆದದ್ದು ಅತಿಶಯೋಕ್ತಿಯೆನ್ನಿ. ಆದರೆ ಮಳೆಯನ್ನು ನಂಬಿ ಬದುಕಿದ ಬಯಲುಸೀಮೆಯವರಿಗೆ ತುಂಬಿದ ಕೆರೆಗಿಂತ ದೊಡ್ಡ ಕಡಲು ಯಾವುದಿತ್ತು?

ಈ ಎರಡು ಹಾದಿಗಳಲ್ಲಿ ಕಾಲು ಪಳಗಿದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ಹೊರಡಿ. ದ್ವೀಪದ ಆಚೆಗೆ, ಲೋಕಪಾವನಿಯು ಕಾವೇರಿಯನ್ನು ಕೂಡುವ ಎಡೆಯಲ್ಲಿ ಕರಿಘಟ್ಟ ನಿಂತಿದೆ. ಸುಮಾರು 450 ಮೆಟ್ಟಿಲು. ಗಾಡಿಗಳಿಗೆ ಬೇರೆ ರಸ್ತೆಯಿದೆ. ನಮಗೆ ಅದು ಬೇಡ. ಮೇಲೆ ಶ್ರೀನಿವಾಸ ದೇವರು, ಕರಿಯ ಕಲ್ಲಿನ ಮೂರ್ತಿ. ಸಂಸ್ಕೃತದಲ್ಲಿ ಕರಿಯೆಂದರೆ ಆನೆ, ಕನ್ನಡದಲ್ಲಿ ಕಪ್ಪು; ಯಾವ ಅರ್ಥ ಹಿಡಿದರೂ ದೂರದಿಂದ ಕಾಣುವ ಗುಡ್ಡಕ್ಕೆ ಒಪ್ಪುತ್ತದೆ. ದೇವಸ್ಥಾನದ ಮುಂದೆ ನಿಂತು ನೋಡಿದರೆ ಶ್ರೀರಂಗಪಟ್ಟಣದ ದ್ವೀಪ, ಎರಡಾಗಿ ಒಡೆದು ಹರಿಯುವ ಕಾವೇರಿ, ಸುತ್ತಲೂ ಕಬ್ಬು ಭತ್ತದ ಹಸಿರು ಎಲ್ಲವೂ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತವೆ. ಹೀಗೆ ಕಾಣುವುದೇ ಈ ಬೆಟ್ಟಕ್ಕೆ ಒಮ್ಮೆ ಕೇಡಾಯಿತು. ಕೋಟೆಯ ಮೇಲೆ ಕಣ್ಣಿಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ನೆಲೆಯಿರಲಿಲ್ಲ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಮೂರು ದಳಗಳಾಗಿ ಟೀಪೂ ಸುಲ್ತಾನನ ನೆಲೆಗಳ ಮೇಲೆ ಬಿತ್ತು. ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಯ ಎಡದಳ ಕತ್ತಲಲ್ಲಿ ಈ ಕರಿಘಟ್ಟವನ್ನು ಹತ್ತಿ ಹಿಡಿಯಿತು. ಮರುತಿಂಗಳು ಒಪ್ಪಂದವಾಗಿ ಅರ್ಧ ರಾಜ್ಯವೂ, ಒತ್ತೆಯಾಗಿ ಇಬ್ಬರು ಮಕ್ಕಳೂ ಸುಲ್ತಾನನ ಕೈಬಿಟ್ಟು ಹೋದವು. ಭಕ್ತರು ಹರಕೆ ಹೊತ್ತು ಏರುತ್ತಿದ್ದ ಗುಡ್ಡವನ್ನು ಸಿಪಾಯಿಗಳು ಕೋವಿ ಹೊತ್ತು ಏರಿದರು. ಬೆಟ್ಟ ಇಬ್ಬರನ್ನೂ ಹೊತ್ತಿತು.

ನಾಲ್ಕನೆಯದು ಇನ್ನೂ ಉತ್ತರಕ್ಕೆ, ಪಾಂಡವಪುರದ ಬಳಿಯ ಕುಂತಿಬೆಟ್ಟ. ಇಲ್ಲಿ ಕೆಲವೆಡೆ ಬರಿಯ ಬಂಡೆಯ ಮೇಲೆ ಕೈಯೂರಿ ಹತ್ತಬೇಕು. ಆದಕಾರಣ ಮಧ್ಯಮ ತರಗತಿಯ ಹಾದಿಯೆನ್ನಬಹುದು. ವನವಾಸದ ಕಾಲದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿ ತಂಗಿದ್ದರೆಂದು ಜನ ಹೇಳುತ್ತಾರೆ. ಪುರಾಣವನ್ನು ಹಾಗಿರಲಿ ಎಂದು ಬಿಟ್ಟು ಚರಿತ್ರೆಗೆ ಬಂದರೂ ಊರಿನ ಹೆಸರಿನಲ್ಲಿಯೇ ಒಂದು ಕಥೆಯಿದೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟೀಪೂ ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಈ ಬಂಡೆಗಳನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರ ಹೀಗೆ ಮೂರು ಹೆಸರುಗಳನ್ನು ಊರು ಕಂಡಿತು. ಬಂಡೆಗಳು ಮಾತ್ರ ಇದ್ದಲ್ಲಿಯೇ ಇವೆ. ಬೇಸಗೆಯಲ್ಲಿ ಈ ಬೆಟ್ಟಕ್ಕೆ ಹೋಗುವವರು ಬಿಸಿಲು ಏರುವ ಮುನ್ನ ಇಳಿದುಬಿಡಬೇಕು. ಕಾದ ಬಂಡೆ ಯಾರಿಗೂ ದಾಕ್ಷಿಣ್ಯ ತೋರುವುದಿಲ್ಲ.

ಇನ್ನು ಐದನೆಯ ಹಾದಿ. ಊರಿಗೆ ಅತಿ ಸಮೀಪವಾದ ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಚಾಮುಂಡಿ ಬೆಟ್ಟವನ್ನು ನಾವು ದಿನವೂ ನೋಡುತ್ತೇವೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗಲೂ, ಬಸ್ಸಿಗೆ ಕಾಯುವಾಗಲೂ, ರಾತ್ರಿ ದೀಪದ ಸಾಲು ಹೊತ್ತಿದಾಗಲೂ ಅದು ಕಣ್ಣಿಗೆ ಬೀಳುತ್ತದೆ. ಎತ್ತರ 3,489 ಅಡಿ. ಊರೇ ಸುಮಾರು 2,500 ಅಡಿ ಎತ್ತರದಲ್ಲಿರುವುದರಿಂದ ನಾವು ಹತ್ತಬೇಕಾದದ್ದು ಸಾವಿರ ಅಡಿಯಷ್ಟು. ಮೆಟ್ಟಿಲುಗಳೂ ಲೋಕರೂಢಿಯಲ್ಲಿ ಸಾವಿರ. ಬೆಟ್ಟದ ಪಾದದಿಂದ ಹೊರಟರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಮೊದಲ ಭಾಗವೇ ಕಡಿದಾದದ್ದು. ನಂದಿಯವರೆಗೆ ಹೋದವನು ಗುಡಿಯನ್ನು ಮುಟ್ಟಿದಂತೆಯೇ.

ಈ ಬೆಟ್ಟಕ್ಕೆ ಚಾಮುಂಡಿಯ ಹೆಸರಿಗಿಂತ ಹಿಂದಿನ ಇನ್ನೊಂದು ಹೆಸರಿದೆ. ಹೊಯ್ಸಳ ವಿಷ್ಣುವರ್ಧನನ ಕಾಲದ 1128ರ ಶಾಸನ ಇದನ್ನು ಮರ್ಬಳ ತೀರ್ಥವೆನ್ನುತ್ತದೆ. ಮೇಲಿರುವ ಗುಡಿಗಳಲ್ಲಿ ಪುರಾತನವಾದದ್ದು ಮಹಾಬಲೇಶ್ವರನದು. ಅಂದರೆ ಮೆಟ್ಟಿಲಾಗುವುದಕ್ಕೆ ಐನೂರು ವರ್ಷಗಳಿಗೂ ಮುಂಚೆ ಜನ ಈ ಬೆಟ್ಟವನ್ನು ಹತ್ತುತ್ತಿದ್ದರು. ಪೊದೆಗಳ ನಡುವೆ, ಬಂಡೆಗಳ ಸಂದಿಯಲ್ಲಿ, ಕಾಲು ತುಳಿದು ತುಳಿದು ಮಾಡಿದ ಹಾದಿಯೊಂದು ಇದ್ದಿರಲೇಬೇಕು. ಒಡೆಯರ ವಂಶದ ಕಥೆಗಳಲ್ಲಿಯೂ ಆ ಹಾದಿಯ ನೆರಳಿದೆ. 1572ರಿಂದ 1576ರವರೆಗೆ ಆಳಿದ ಚಾಮರಾಜ ಒಡೆಯರು ದೇವಿಯ ದರ್ಶನಕ್ಕೆ ಹೋದಾಗ ಸಿಡಿಲು ಬಡಿದು ತಲೆಗೂದಲೆಲ್ಲ ಸುಟ್ಟುಹೋಯಿತು, ಪ್ರಾಣಕ್ಕೆ ಮಾತ್ರ ಅಪಾಯವಾಗಲಿಲ್ಲವೆಂದು ಹೇಳುತ್ತಾರೆ. ಅಂದಿನಿಂದ ಅವರಿಗೆ ಬೋಳ ಚಾಮರಾಜರೆಂದು ಹೆಸರು ನಿಂತಿತು.

1610ರಲ್ಲಿ ರಾಜ ಒಡೆಯರು ರಾಜಧಾನಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಮೈಸೂರು ಮತ್ತೆ ರಾಜಧಾನಿಯಾದದ್ದು 1799ರಲ್ಲಿ. ನಮ್ಮ ಸಾವಿರ ಮೆಟ್ಟಿಲಾದದ್ದು ಈ ನಡುವಣ ಕಾಲದಲ್ಲಿ, 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರಿಂದ. ಅರಸರು ನದಿಯಾಚೆಯ ಕೋಟೆಯಲ್ಲಿದ್ದರು. ಕುಲದೇವತೆ ಈ ಬೆಟ್ಟದಲ್ಲಿದ್ದಳು. ರಾಜಧಾನಿ ಹೋದ ಊರಿನ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದರು. ನಡುದಾರಿಯಲ್ಲಿ, ಏಳುನೂರನೆಯ ಮೆಟ್ಟಿಲ ಸುಮಾರಿಗೆ, ಒಂದೇ ಬಂಡೆಯಲ್ಲಿ ನಂದಿಯನ್ನು ಕಡೆಯಿಸಿದರು. ಹದಿನೈದು ಹದಿನಾರು ಅಡಿ ಎತ್ತರ, ಇಪ್ಪತ್ತನಾಲ್ಕು ಅಡಿಗಿಂತ ಕಡಿಮೆಯಿಲ್ಲದ ಉದ್ದ. ಕೊರಳಿನ ಗಂಟೆಯ ಸರವನ್ನು ನೋಡಿದರೆ ಈಗ ತಲೆಯಾಡಿಸಿ ಸದ್ದುಮಾಡೀತು ಎನ್ನಿಸುತ್ತದೆ. ಮುಂದೆ 1827ರಲ್ಲಿ ಮುಮ್ಮಡಿಯವರು ದೇವಿಯ ಗುಡಿಗೆ ಗೋಪುರ ಕಟ್ಟಿಸಿದರು. ಗುಡಿಯೊಳಗೆ ಅವರದೂ ಮೂವರು ರಾಣಿಯರದೂ ವಿಗ್ರಹಗಳಿವೆ. ಪೀಠಗಳಲ್ಲಿ ಹೆಸರುಗಳನ್ನೂ ಕೆತ್ತಿದೆ.

ಇದಿಷ್ಟನ್ನೂ ಕೆಲವು ವರ್ಷಗಳ ಕೆಳಗೆ ಒಂದು ಭಾನುವಾರ ನಂದಿಯ ಮುಂದೆ ನಿಂತು ಒಂಬತ್ತನೆಯ ತರಗತಿಯ ಹುಡುಗರಿಗೆ ಹೇಳಿದೆ. ಹೇಳಿ ಮುಗಿಸಿ, ಚೆನ್ನಾಗಿ ಹೇಳಿದೆನೆಂಬ ತೃಪ್ತಿಯಿಂದ ಬೆವರೊರೆಸಿಕೊಳ್ಳುತ್ತಿದ್ದೆ. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ಕೇಳಿದ: “ಸಾರ್, ಕಲ್ಲು ಹೊತ್ತೋರ ಹೆಸರು ಎಲ್ಲಿ ಬರ್ದಿದೆ?”

ಉಳಿದವರು ನಕ್ಕರು. ಅವನು ನಗಲಿಲ್ಲ. ದಾರಿಯ ಪಕ್ಕದ ಒಂದು ಬಂಡೆಯ ಬಳಿಗೆ ನನ್ನನ್ನು ಕರೆದುಕೊಂಡು ಹೋಗಿ ಅದರ ಅಂಚಿನಲ್ಲಿ ಸಾಲಾಗಿದ್ದ ಗುಳಿಗಳನ್ನು ತೋರಿಸಿದ. “ಇದು ಬೆಣೆ ಹೊಡೆದ ಗುರುತು ಸಾರ್. ನಮ್ಮಪ್ಪ ಹಿಂಗೇ ಸೀಳ್ತಾರೆ.” ಅವನ ತಂದೆ ಕಲ್ಲು ಕೆಲಸದವರೆಂದು ನನಗೆ ಅಂದೇ ತಿಳಿದದ್ದು. ಆ ಕೆಲಸದ ಕ್ರಮವನ್ನು ಅವನೇ ವಿವರಿಸಿದ. ಮೊದಲು ಬಂಡೆಯ ಎಳೆ ಯಾವ ಕಡೆಗಿದೆಯೆಂದು ನೋಡಬೇಕು. ಎಳೆಯ ಗುಂಟ ಉಳಿಯಿಂದ ಸಮದೂರದಲ್ಲಿ ಗುಳಿ ಹೊಡೆಯಬೇಕು. ಗುಳಿಗೊಂದರಂತೆ ಕಬ್ಬಿಣದ ಬೆಣೆಯಿಟ್ಟು ಒಂದಾದ ಮೇಲೊಂದಕ್ಕೆ ಸುತ್ತಿಗೆಯಿಂದ ಏಟು ಕೊಡುತ್ತ ಬರಬೇಕು. ಒಂದೇ ಬೆಣೆಗೆ ಬಲವೆಲ್ಲ ಹಾಕಿದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ಏಟಿನ ಸದ್ದು ಬದಲಾದಾಗ ಕೈ ನಿಲ್ಲಿಸಬೇಕು. ಒಳಗೆ ಸೀಳು ಬಿಟ್ಟಿರುತ್ತದೆ. ಈ ಬೆಟ್ಟದ ಕಲ್ಲನ್ನು ಭೂವಿಜ್ಞಾನಿಗಳು ಚಾಮುಂಡಿ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 80 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದದ್ದು. ಅಂಥ ಕಲ್ಲನ್ನು ಸೀಳಿ, ಮಟ್ಟಮಾಡಿ, ಕಡಿದಾದ ಏರಿನಲ್ಲಿ ಹೊತ್ತು, ಅಲುಗದಂತೆ ಕೂರಿಸಬೇಕು. ಅದೂ ಸಾವಿರ ಸಲ. ಆ ಗುಳಿಗಳು ದೊಡ್ಡ ದೇವರಾಜರ ಕಾಲದ ಕೈಯವಾದರೇನು, ಆಮೇಲೆ ದುರಸ್ತಿ ಮಾಡಿದವರವಾದರೇನು, ಹೆಸರಂತೂ ಇಲ್ಲ.

ಕನ್ನಡ ನಾಡಿನಲ್ಲಿ ಕಲ್ಲಿನವರ ಹೆಸರು ಎಂದೂ ಉಳಿದಿಲ್ಲವೆಂದು ಹೇಳುವ ಹಾಗಿಲ್ಲ. ಮೈಸೂರಿಗೆ ಹತ್ತಿರದಲ್ಲಿಯೇ ಇರುವ ಸೋಮನಾಥಪುರದ ಗುಡಿ 1268ರದು. ಅಲ್ಲಿ ಮಲ್ಲಿತಮ್ಮನೆಂಬ ರೂವಾರಿ ತಾನು ಕಡೆದ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ಏಳೂವರೆ ಶತಮಾನಗಳ ಮೇಲೆಯೂ ನಾವು ಅದನ್ನು ಓದುತ್ತೇವೆ. ಆದರೆ ಮೂರ್ತಿಗೆ ಪೀಠವಿರುತ್ತದೆ, ಪೀಠದಲ್ಲಿ ಹೆಸರಿಗೆ ಜಾಗವಿರುತ್ತದೆ. ಮೆಟ್ಟಿಲಿಗೆ ಎಲ್ಲಿಯ ಪೀಠ? ಮೆಟ್ಟುವುದಕ್ಕಾಗಿ ಇರುವುದೇ ಮೆಟ್ಟಿಲು.

ಹುಡುಗನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಇಳಿಯುವಾಗ ಅದೇ ಯೋಚನೆ. ನಾನು ಚರಿತ್ರೆಯ ಪಂಡಿತನಲ್ಲ, ವ್ಯಾಕರಣ ಹೇಳಿಕೊಡುವವನು. ಆದಕಾರಣವೋ ಏನೋ, ವ್ಯಾಕರಣದಲ್ಲಿಯೇ ನನಗೆ ಒಂದು ಉತ್ತರ ಹೊಳೆಯಿತು. ಬೆಳಗಿನಿಂದ ನಾನು ಎಷ್ಟು ಸಲ ‘ಕಟ್ಟಿಸಿದರು’ ಎಂದಿದ್ದೆ! ಓದುಗರೇ, ಈ ಲೇಖನದಲ್ಲಿಯೂ ಆ ಮಾತು ಎಷ್ಟು ಸಲ ಬಂದಿತೆಂದು ಬೇಕಾದರೆ ಹಿಂದಿರುಗಿ ಎಣಿಸಿ ನೋಡಿ. ಕಟ್ಟು ಎಂಬುದು ಧಾತು. ಅದಕ್ಕೆ ‘ಇಸು’ ಸೇರಿದರೆ ಕಟ್ಟಿಸು, ಪ್ರೇರಣಾರ್ಥಕ. ಒಬ್ಬನು ಹೇಳುತ್ತಾನೆ, ಇನ್ನೊಬ್ಬನು ಮಾಡುತ್ತಾನೆ. ನಮ್ಮ ಭಾಷೆ ಪ್ರಾಮಾಣಿಕವಾದದ್ದು. ಕಟ್ಟಿಸಿದವನನ್ನು ಕಟ್ಟಿದವನೆಂದು ಅದು ಹೇಳಿಲ್ಲ. ಹೆಸರು ಹೇಳಲಾಗದ ಸಾವಿರಾರು ಕೈಗಳಿಗೆ ಆ ಎರಡು ಅಕ್ಷರಗಳಲ್ಲಿ ಜಾಗವಿಟ್ಟಿದೆ. ನಾವೇ ಅದನ್ನು ಗಮನಿಸದೆ ಓದಿಕೊಂಡು ಹೋಗುತ್ತೇವೆ.

ಅರಸರ ಹಿರಿಮೆಯನ್ನು ತಗ್ಗಿಸಲು ಈ ಮಾತು ಆಡುತ್ತಿಲ್ಲ. ಅಧಿಕಾರ ಹೋದ ಮೇಲೂ ಕೆರೆ ಕಟ್ಟಿಸಿದವರು, ರಾಜಧಾನಿ ಹೋದ ಊರಿಗೂ ಮೆಟ್ಟಿಲು ಮಾಡಿಸಿದವರು ನಮಸ್ಕಾರಕ್ಕೆ ಯೋಗ್ಯರೇ. ಆದರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ, ಪುಸ್ತಕದಲ್ಲಿ, ಬೀದಿಯ ಫಲಕದಲ್ಲಿ ಭದ್ರವಾಗಿದೆ. ಕಟ್ಟಿದವರ ಗುರುತು ಉಳಿದಿರುವುದು ಆ ಕಲ್ಲಿನಲ್ಲಿ ಮಾತ್ರ. ಕಲ್ಲನ್ನು ನಾವು ಬಳಸದೆ ಬಿಟ್ಟರೆ ಆ ಗುರುತೂ ಪೊದೆಯಲ್ಲಿ ಮುಚ್ಚಿಹೋಗುತ್ತದೆ.

ಈಗ ಬಹುಮಂದಿ ಬೆಟ್ಟಕ್ಕೆ ಹೋಗುವುದು ಮೋಟಾರು ರಸ್ತೆಯಲ್ಲಿ. ಹೋಗಲಿ, ವಯಸ್ಸಾದವರಿಗೆ, ಕೈಕಾಲು ಆಗದವರಿಗೆ ಅದು ಬೇಕು. ಆದರೆ ಬೆಟ್ಟಕ್ಕೂ ಒಂದು ತಾಳ್ಮೆಯಿದೆ. 2021ರ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದುಬಿದ್ದದ್ದು ಓದುಗರಿಗೆ ನೆನಪಿರಬಹುದು. ಇಳಿಜಾರಿನ ಮಣ್ಣು ಮಳೆನೀರು ಕುಡಿದು ಭಾರವಾದಾಗ ಜಾರುವುದು ಅದರ ಸ್ವಭಾವ. ಬೆಟ್ಟವನ್ನು ಹೆಚ್ಚು ಹೆಚ್ಚು ಕೊರೆದಷ್ಟೂ ಆ ಅಪಾಯ ಹೆಚ್ಚು. ನಡೆದು ಹೋಗುವವರಿಗಾಗಿ ಬೆಟ್ಟವನ್ನು ಹೊಸದಾಗಿ ಕೊರೆಯಬೇಕಾದದ್ದಿಲ್ಲ. ಮೂರೂವರೆ ಶತಮಾನಗಳ ಹಿಂದೆಯೇ ಆ ಕೆಲಸವಾಗಿದೆ.

ಆಷಾಢದ ಶುಕ್ರವಾರಗಳಲ್ಲಿ ಮೆಟ್ಟಿಲ ದಾರಿಯನ್ನು ನೋಡಬೇಕು. ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಹಚ್ಚಿ, ಕುಂಕುಮವಿಟ್ಟು, ಮುಂದಿನದಕ್ಕೆ ಹೋಗುತ್ತಾರೆ. ಅದು ದೇವಿಗೆ ಹೊತ್ತ ಹರಕೆ. ಆದರೂ ಆ ಬಾಗಿದ ಬೆನ್ನುಗಳನ್ನು ಕಂಡಾಗಲೆಲ್ಲ ನನಗೆ ಆ ಹುಡುಗನ ಪ್ರಶ್ನೆ ನೆನಪಾಗುತ್ತದೆ. ಕಲ್ಲು ಕೂರಿಸಿದವರೂ ಹೀಗೆಯೇ ಮೆಟ್ಟಿಲಿಗೊಮ್ಮೆ ಬಾಗಿರಬೇಕು. ಹೆಸರಿಲ್ಲದ ಆ ಕೆಲಸಕ್ಕೆ ಸಲ್ಲುವ ಪೂಜೆ ಇದಕ್ಕಿಂತ ಬೇರೆ ಯಾವುದು?

ಓದುಗರು ಮುಂದಿನ ರಜೆಯ ದಿನ ರೇಡಿಯೋದಲ್ಲಿ ಸುಪ್ರಭಾತ ಮುಗಿಯುವ ಮೊದಲೇ ಮನೆ ಬಿಡಬೇಕೆಂದು ಕೋರುತ್ತೇನೆ. ಒಂದು ಬಾಟಲು ನೀರು, ತಲೆಗೊಂದು ಟೋಪಿ ಅಥವಾ ಸೆರಗು, ಜಾರದ ಪಾದರಕ್ಷೆ ಇಷ್ಟಿದ್ದರೆ ಸಾಕು. ತಿಂಡಿಯ ಪೊಟ್ಟಣವನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗಿಡಿ. ಖಾಲಿ ಬಾಟಲನ್ನೂ ಪ್ಲಾಸ್ಟಿಕ್ಕನ್ನೂ ಹಿಂದಕ್ಕೆ ತನ್ನಿ. ಮೊದಲ ದಿನವೇ ಬೆಟ್ಟ ಬೇಡ. ಕುಕ್ಕರಹಳ್ಳಿಯಲ್ಲಿ ಒಂದು ವಾರ ನಡೆದು ಆಮೇಲೆ ಮೆಟ್ಟಿಲ ಕಡೆಗೆ ಹೋಗಿ. ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಹತ್ತಬೇಕು. ಏದುಸಿರು ಬಂದಾಗ ಕುಳಿತುಕೊಳ್ಳಲು ನಾಚಬೇಡಿ. ಕುಳಿತಾಗ ಪಕ್ಕದ ಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ. ಉಳಿಯ ಏಟು ಬೆರಳಿಗೆ ಸಿಕ್ಕರೂ ಸಿಕ್ಕೀತು.

ಆ ವರ್ಷದ ಪರೀಕ್ಷೆಯಲ್ಲಿ ಪ್ರೇರಣಾರ್ಥಕಕ್ಕೆ ಒಂದು ಉದಾಹರಣೆ ಕೊಡಿ ಎಂದು ಕೇಳಿದ್ದೆ. ಆ ಹುಡುಗ ಬರೆದಿದ್ದ: ‘ಒಡೆಯರು ಮೆಟ್ಟಿಲು ಕಟ್ಟಿಸಿದರು. ಕಲ್ಲು ಕೆಲಸದವರು ಕಟ್ಟಿದರು.’ ಕೇಳಿದ್ದು ಒಂದು ವಾಕ್ಯ. ಅವನು ಎರಡು ಬರೆದಿದ್ದ. ಪ್ರಶ್ನೆಗಿದ್ದದ್ದು ಒಂದೇ ಅಂಕ. ಅದನ್ನು ಕೊಟ್ಟೆ, ಎರಡನೆಯ ವಾಕ್ಯಕ್ಕೆ ಕೊಡಲು ನನ್ನ ಬಳಿ ಅಂಕವಿರಲಿಲ್ಲ.